ಬ್ರಿಟನ್ನಿನ ಮಾಜಿ ಪ್ರಧಾನಿ ಟೋನಿ ಬ್ಲೇರ್ ಆತ್ಮಕಥೆ ಓದಲು ಯೋಗ್ಯವೇ? ಇರಾಕ್ ಭಾಗವನ್ನಷ್ಟೇ ಓದಿದರೆ ಸಾಕೇ?

ಸಾಲದು. ಬೇಕಿದ್ದರೆ ಪುಸ್ತಕವನ್ನೇ ಮುಟ್ಟಬೇಡಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಇರಾಕ್ ಭಾಗವನ್ನಷ್ಟೇ ಓದಿ ಮುಗಿಸುವ ಯೋಚನೆ ಇದೆಯಲ್ಲ, ಅದನ್ನು ಇವತ್ತೇ ಬಿಟ್ಟುಬಿಡಿ. "ಎಲ್ಲರೂ ಯುದ್ಧಾಪರಾಧಿ ಅಂತ ಬೈಯುವ ಮನುಷ್ಯ, 700ರ ಹತ್ತಿರ ಪುಟ, ನನಗೆ ಬೇಕಿರುವುದು ಕ್ಷಮೆ ಕೇಳಿದ್ದಾನೋ ಇಲ್ಲವೋ ಅನ್ನುವುದಷ್ಟೇ" ಅಂತ ಬರೆದಿದ್ದೀರಿ. ಇದೇ ಮಾತನ್ನು ನಾನೂ ಆಡಿದ್ದೆ. ಆಡಿ ಅನುಭವಿಸಿದೆ.

2010ರ ಸೆಪ್ಟೆಂಬರ್‌ನಲ್ಲಿ ರಾಜ್ಯಶಾಸ್ತ್ರದಲ್ಲಿ ಎಂ.ಎ. ಮಾಡಲು ಉತ್ತರ ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯಕ್ಕೆ ಹೋದೆ. ಬ್ಲೇರ್ ಆತ್ಮಕಥೆ 'ಎ ಜರ್ನಿ' ಅದೇ ತಿಂಗಳ 1ರಂದು ಹೊರಬಂದಿತ್ತು. ಪುಸ್ತಕ ಬಂದ ವಾರದ ಸುದ್ದಿಗಳು ಈಗ ನೆನಪಿಸಿಕೊಂಡರೆ ಪ್ರಹಸನದಂತಿವೆ. ಡಬ್ಲಿನ್‌ನಲ್ಲಿ ಪುಸ್ತಕಕ್ಕೆ ಸಹಿ ಹಾಕಲು ಹೋದ ಬ್ಲೇರ್ ಕಡೆಗೆ ಮೊಟ್ಟೆ, ಚಪ್ಪಲಿ ಎಲ್ಲ ತೂರಿಬಂದವು. ಲಂಡನ್‌ನ ಸಹಿ ಕಾರ್ಯಕ್ರಮ ಗಲಾಟೆಯ ಭಯಕ್ಕೆ ರದ್ದಾಯಿತು. ಫೇಸ್‌ಬುಕ್‌ನಲ್ಲಿ ಒಂದು ಗುಂಪು ಹುಟ್ಟಿಕೊಂಡಿತ್ತು: ಪುಸ್ತಕದಂಗಡಿಗೆ ಹೋಗಿ, ಸದ್ದಿಲ್ಲದೆ ಬ್ಲೇರ್ ಆತ್ಮಕಥೆಯನ್ನು ಎತ್ತಿ 'ಅಪರಾಧ' ವಿಭಾಗಕ್ಕೆ ಸಾಗಿಸಿ ಬನ್ನಿ ಅಂತ. ಸಾವಿರಾರು ಜನ ಸೇರಿದ್ದರು. ನಾನು ಕೊಂಡ ಪ್ರತಿ ನನಗೆ ಸಿಕ್ಕಿದ್ದೂ ಪತ್ತೇದಾರಿ ಕಾದಂಬರಿಗಳ ನಡುವೆಯೇ. ಬಿಲ್ ಹಾಕುತ್ತಿದ್ದ ಹುಡುಗಿ ನಿಟ್ಟುಸಿರು ಬಿಟ್ಟು, ವಾಪಸ್ ಇಟ್ಟು ಇಟ್ಟು ಸಾಕಾಗಿದೆ ಅಂದಳು. ಮುಖಪುಟದ ತುಂಬ ಬ್ಲೇರ್ ಮುಖ. ಬಸ್ಸಿನಲ್ಲಿ ಮುಖ ಒಳಗೆ ಮಾಡಿಕೊಂಡು ಹಿಡಿದು ಕೂತೆ.

ಮನೆಗೆ ತಂದ ಮೇಲೆ ಇನ್ನೊಂದು ರಗಳೆ. ನನ್ನ ಜೊತೆ ಮನೆ ಹಂಚಿಕೊಂಡಿದ್ದ ಇಂಗ್ಲಿಷ್ ಹುಡುಗ 2003ರ ಫೆಬ್ರವರಿ 15ರಂದು ಲಂಡನ್‌ನಲ್ಲಿ ನಡೆದ ಯುದ್ಧವಿರೋಧಿ ಮೆರವಣಿಗೆಗೆ ತಾಯಿಯ ಜೊತೆ ಹೋಗಿದ್ದವನು. ಪೊಲೀಸರ ಲೆಕ್ಕದಲ್ಲೇ ಏಳೂವರೆ ಲಕ್ಷ ಜನ ಸೇರಿದ್ದ ಮೆರವಣಿಗೆ ಅದು. ಮಿಲಿಯನ್ ದಾಟಿತ್ತು ಅನ್ನುವುದು ಸಂಘಟಕರ ವಾದ. ಅದಾಗಿ ಐದು ವಾರದೊಳಗೆ ಅಮೆರಿಕದ ಜೊತೆ ಸೇರಿ ಬ್ರಿಟನ್ ಇರಾಕ್ ಮೇಲೆ ಯುದ್ಧ ಶುರುಮಾಡಿತು. ಅವನ ಪೀಳಿಗೆಗೆ ರಾಜಕೀಯದ ಮೊದಲ ಪಾಠವೇ ಅದು: ಬೀದಿಗಿಳಿದರೂ ಯಾರೂ ಕೇಳುವುದಿಲ್ಲ. "ಅವನಿಗೆ ದುಡ್ಡು ಕೊಟ್ಟು ಬಂದೆಯಾ?" ಅಂತ ಕೇಳಿದ. ಮುಂಗಡ ಹಣ, ರಾಯಲ್ಟಿ ಎಲ್ಲವನ್ನೂ ರಾಯಲ್ ಬ್ರಿಟಿಷ್ ಲೀಜನ್‌ಗೆ, ಅಂದರೆ ಗಾಯಗೊಂಡ ಸೈನಿಕರ ಪುನಶ್ಚೇತನಕ್ಕೆ ಬರೆದುಕೊಟ್ಟಿದ್ದಾರಂತೆ ಅಂದೆ. "ಹಾಗಾದರೆ ಇನ್ನೂ ಅನುಮಾನ" ಅಂದ. (ನಿಮಗೂ ಹಣ ಯಾರ ಜೇಬಿಗೆ ಹೋಗುತ್ತದೆ ಅನ್ನುವ ಸಂಕೋಚ ಇದ್ದರೆ ಇದೇ ಉತ್ತರ.)

ಇನ್ನು ನಾನು ಮಾಡಿಕೊಂಡ ಎಡವಟ್ಟು. ಇದನ್ನು ಸ್ವಲ್ಪ ಎಳೆದೇ ಹೇಳುತ್ತೇನೆ, ಯಾಕೆಂದರೆ ನೀವು ಅದರ ಬಾಗಿಲಲ್ಲೇ ನಿಂತಿದ್ದೀರಿ.

ನನ್ನ ಪ್ರಬಂಧದ ವಿಷಯ: ಇರಾಕಿನ ಸದ್ದಾಂ ಹುಸೇನ್ ಬಳಿ ಸಾಮೂಹಿಕ ವಿನಾಶದ ಅಸ್ತ್ರಗಳಿವೆ ಅಂತ ಯುದ್ಧಕ್ಕೆ ಮುಂಚೆ ಬ್ಲೇರ್ ಸಂಸತ್ತಿಗೆ, ಜನಕ್ಕೆ ತಿಳಿದೂ ತಿಳಿದೂ ಸುಳ್ಳು ಹೇಳಿದರೋ ಅಥವಾ ನಂಬಿದ್ದನ್ನೇ ಹೇಳಿ ತಪ್ಪಿದರೋ. ಪುಸ್ತಕ ಕೈಗೆ ಬಂದದ್ದೇ ನಾನು ಮೊದಲು ತೆರೆದದ್ದು ಕೊನೆಯ ಪುಟಗಳನ್ನು, ಪದಸೂಚಿಯನ್ನು. 'ಇರಾಕ್' ಹುಡುಕಿದೆ, 'ಸದ್ದಾಂ' ಹುಡುಕಿದೆ, 'ಬುಷ್' ಹುಡುಕಿದೆ. ಪುಟಗಳ ಪಟ್ಟಿ ಮಾಡಿಕೊಂಡೆ. ಅಷ್ಟನ್ನು ಮಾತ್ರ, ಪೆನ್ಸಿಲ್ ಹಿಡಿದು, ಸಾಲು ಸಾಲು ಗೀಟು ಹಾಕುತ್ತ ಓದಿದೆ. ಬಾಲ್ಯ, ಪಕ್ಷ ಕಟ್ಟಿದ್ದು, ಡಯಾನಾ, ಉತ್ತರ ಐರ್ಲೆಂಡ್, ಕೊಸೊವೊ, ಆಸ್ಪತ್ರೆ, ಶಾಲೆ, ತನ್ನ ಹಣಕಾಸು ಸಚಿವ ಗಾರ್ಡನ್ ಬ್ರೌನ್ ಜೊತೆಗಿನ ಜಗಳ, ಇವೆಲ್ಲ ನನಗೆ ಯಾಕೆ ಅಂತ ದಾಟಿಸಿದೆ. ನನಗಿದ್ದದ್ದು ಒಂದೇ ಪ್ರಶ್ನೆ, ಅದರ ಉತ್ತರ ಇರಾಕ್ ಅಂತ ಹೆಸರಿಟ್ಟ ಪುಟಗಳಲ್ಲೇ ಇರುತ್ತದೆ ಅನ್ನುವುದು ನನ್ನ ಲೆಕ್ಕ. ಬುದ್ಧಿವಂತಿಕೆ ಅಂತಲೇ ಅಂದುಕೊಂಡಿದ್ದೆ.

ಆ ಪುಟಗಳು ನನ್ನನ್ನು ಕರಗಿಸಿದವು, ನಿಜ ಹೇಳುತ್ತೇನೆ. ಯುದ್ಧಕ್ಕೆ ಹೋದ ನಿರ್ಧಾರಕ್ಕೆ ಪಶ್ಚಾತ್ತಾಪ ಪಡಲಾರೆ ಅನ್ನುತ್ತಾರೆ. ಆದರೆ ಸತ್ತವರಿಗಾಗಿ ಸಂಕಟಪಟ್ಟಿದ್ದೇನೆ, ಅತ್ತಿದ್ದೇನೆ, ಮುಂದೆ ನಡೆದ ಘೋರವನ್ನು ಊಹಿಸಿರಲಿಲ್ಲ ಅಂತಲೂ ಬರೆಯುತ್ತಾರೆ. 2010ರ ಜನವರಿಯಲ್ಲಿ, ಇರಾಕ್ ಯುದ್ಧದ ಬಗ್ಗೆ ಸರ್ಕಾರ ನೇಮಿಸಿದ್ದ ಚಿಲ್ಕಾಟ್ ಆಯೋಗದ ವಿಚಾರಣೆಯ ಕೊನೆಗೆ ಪಶ್ಚಾತ್ತಾಪ ಇದೆಯೇ ಅಂತ ಕೇಳಿದಾಗ ಹೊಟ್ಟೆ ತೊಳಸಿದಂತಾಯಿತು, ಸಿಟ್ಟು ಸಂಕಟ ಒಟ್ಟಿಗೇ ಬಂದವು ಅನ್ನುತ್ತಾರೆ. ಇಷ್ಟು ಬಿಚ್ಚಿಕೊಳ್ಳುವ ಮನುಷ್ಯ ಸುಳ್ಳುಗಾರ ಇರಲಾರ ಅಂತ ನನಗನ್ನಿಸಿತು. ಪ್ರಬಂಧವನ್ನೂ ಅದೇ ಜಾಡಿನಲ್ಲಿ ಬರೆದೆ: ತಪ್ಪಿದರು, ಆದರೆ ಪ್ರಾಮಾಣಿಕವಾಗಿ ತಪ್ಪಿದರು. ಸಾಕ್ಷಿಗೆ ಆ ಪುಟಗಳ ಉದ್ಧರಣೆಗಳ ಮೇಲೆ ಉದ್ಧರಣೆ.

ಬಂದದ್ದು 58. 60 ದಾಟಿದ್ದರೆ ಮೆರಿಟ್, ಪಿಎಚ್‌.ಡಿ. ಅರ್ಜಿಗೆ ನನಗೆ ಬೇಕಿದ್ದದ್ದು ಅದೇ. ಮೌಲ್ಯಮಾಪಕರ ಟಿಪ್ಪಣಿಯ ಸಾರಾಂಶ ಇಷ್ಟು: ದೊಡ್ಡ ಗುರಿಗಾಗಿ ನಾಯಕನಾದವನು ಸತ್ಯವನ್ನು ಮುಚ್ಚಿಡಬೇಕಾಗುತ್ತದೆ, ಬಗ್ಗಿಸಬೇಕಾಗುತ್ತದೆ ಅಂತ ಈ ಲೇಖಕ ಇದೇ ಪುಸ್ತಕದಲ್ಲಿ, ಉತ್ತರ ಐರ್ಲೆಂಡಿನ ಅಧ್ಯಾಯದಲ್ಲಿ, ಬಾಯಿಬಿಟ್ಟು ಹೇಳಿದ್ದಾನೆ, ಲೇಖಕನ ಪ್ರಾಮಾಣಿಕತೆಯ ಮೇಲೆ ಇಡೀ ವಾದ ಕಟ್ಟಿರುವ ವಿದ್ಯಾರ್ಥಿ ಆ ಅಧ್ಯಾಯವನ್ನು ಓದಿದಂತೆ ಕಾಣುವುದಿಲ್ಲ.

ಓದಿರಲಿಲ್ಲ. ಅವತ್ತು ರಾತ್ರಿ ಓದಿದೆ. ಇದೆ. ಬ್ರಿಟನ್ ಜೊತೆ ಉಳಿಯಬೇಕು ಅನ್ನುವವರಿಗೂ ಐರ್ಲೆಂಡ್ ಸೇರಬೇಕು ಅನ್ನುವವರಿಗೂ ನಡುವಿನ ರಕ್ತಪಾತ ನಿಲ್ಲಿಸಲು ಆದ 1998ರ ಏಪ್ರಿಲ್ 10ರ ಗುಡ್ ಫ್ರೈಡೇ ಒಪ್ಪಂದ, ಆಮೇಲೆ ಅದನ್ನು ಉಳಿಸಿಕೊಳ್ಳಲು ಪಟ್ಟ ವರ್ಷಗಟ್ಟಲೆ ಪಾಡು. ಒಂದು ಕಡೆಯವರಿಗೆ ಇನ್ನೊಂದು ಕಡೆಯವರ ಬಗ್ಗೆ ತಾನು ಹೇಳಿದ ಮಾತುಗಳಲ್ಲಿ ಸತ್ಯವನ್ನು ಹರಿದುಹೋಗುವಷ್ಟು ಎಳೆದದ್ದುಂಟು ಅಂತ ಒಪ್ಪಿಕೊಳ್ಳುತ್ತಾರೆ. ಅಂಜುತ್ತ ಅಲ್ಲ, ಕಸುಬಿನ ಗುಟ್ಟು ಹೇಳಿಕೊಡುವ ಧಾಟಿಯಲ್ಲಿ. ಯಾಕೆಂದರೆ ಅಲ್ಲಿ ಫಲ ಒಳ್ಳೆಯದು ಬಂತು. ಬಂದೂಕುಗಳು ಸುಮ್ಮನಾದವು. ಆ ಅಧ್ಯಾಯದಲ್ಲಿ ಅವರನ್ನು ಯಾರೂ ಕಟಕಟೆಯಲ್ಲಿ ನಿಲ್ಲಿಸಿಲ್ಲ, ಹಾಗಾಗಿ ಮಾತು ಸಡಿಲವಾಗಿದೆ, ನಿಜ ಉದುರುತ್ತದೆ. ಇರಾಕ್ ಅಧ್ಯಾಯಗಳಿಗೆ ಬಂದರೆ ಪ್ರತಿ ವಾಕ್ಯವೂ ವಕೀಲನ ವಾಕ್ಯ. ಅವರು ವೃತ್ತಿಯಿಂದ ಬ್ಯಾರಿಸ್ಟರ್ ಅನ್ನುವುದನ್ನು ಮರೆಯಬೇಡಿ.

ಅಲ್ಲೇ ನಾನು ಎಡವಿದ್ದು. ಆರೋಪ ಇರುವ ಜಾಗದಲ್ಲೇ ಮನುಷ್ಯ ಅತ್ಯಂತ ಎಚ್ಚರಿಕೆಯಿಂದ ಬರೆದಿರುತ್ತಾನೆ. ಅಲ್ಲಿನ ಒಂದೊಂದು ಪದವನ್ನೂ ತೂಗಿ ಇಟ್ಟಿರುತ್ತಾರೆ, ಗೆಳೆಯರು ನೋಡಿರುತ್ತಾರೆ, ಮುಂದೆ ವಿಚಾರಣಾ ಆಯೋಗದ ಮುಂದೆ ಯಾರಾದರೂ ಓದಿ ಹೇಳಿದರೆ ಹೇಗೆ ಕೇಳುತ್ತದೆ ಅಂತ ಲೆಕ್ಕ ಹಾಕಿರುತ್ತಾರೆ. ನಾನು ಹೋಗಿ ಕೂತದ್ದು ಅಂಥ ಪುಟಗಳ ಮುಂದೆ, ಕ್ಷಮೆ ಸಿಗುತ್ತದಾ ಅಂತ. ಇನ್ನೂ ಕೆಟ್ಟದ್ದೆಂದರೆ, ನಾನು ಹುಡುಕುತ್ತಿದ್ದದ್ದೇ ಕ್ಷಮೆಯಾದ್ದರಿಂದ ಅದಕ್ಕೆ ಹತ್ತಿರದ್ದು ಏನು ಕಂಡರೂ ತೃಪ್ತನಾದೆ. ಕಣ್ಣೀರನ್ನು ತಪ್ಪೊಪ್ಪಿಗೆ ಅಂದುಕೊಂಡೆ. ಅವೆರಡೂ ಬೇರೆ ಅನ್ನುವುದು ಇಪ್ಪತ್ತಮೂರರ ಹರೆಯದಲ್ಲಿ ನನಗೆ ತಿಳಿದಿರಬೇಕಿತ್ತು.

ಆಮೇಲೆ ಮೊದಲ ಪುಟದಿಂದ ಕೂತು ಓದಿದಾಗ ಇನ್ನೊಂದು ತಂತ್ರ ಕಂಡಿತು, ಅದನ್ನು ತಂತ್ರ ಅನ್ನಬೇಕೋ ಸ್ವಭಾವ ಅನ್ನಬೇಕೋ ಗೊತ್ತಿಲ್ಲ. ಬ್ಲೇರ್ ಸಣ್ಣ ತಪ್ಪುಗಳನ್ನು ಧಾರಾಳವಾಗಿ ಒಪ್ಪುತ್ತಾರೆ. ಊಟಕ್ಕೆ ಮೊದಲು ಒಂದು ವಿಸ್ಕಿಯೋ ಜಿನ್ನೋ, ಊಟದ ಜೊತೆ ಒಂದೆರಡು ಗ್ಲಾಸ್ ವೈನ್, ಇದು ಊರುಗೋಲಾಗುತ್ತಿತ್ತು ಅಂತ ಬರೆದಿದ್ದಾರೆ. ನರಿಬೇಟೆ ನಿಷೇಧಿಸಿದ್ದು ತಪ್ಪಾಯಿತು ಅನ್ನುತ್ತಾರೆ. ಬ್ರೌನ್‌ಗೆ ವಿಶ್ಲೇಷಣೆಯ ಬುದ್ಧಿ ಭರ್ಜರಿ, ಭಾವನೆಯ ಬುದ್ಧಿ ಸೊನ್ನೆ ಅಂತ ಚುಚ್ಚಿ, ಆದರೂ ಅವರನ್ನು ತೆಗೆದುಹಾಕಲು ಆಗಲಿಲ್ಲ ಅಂತ ಕೈಚೆಲ್ಲುತ್ತಾರೆ. ಓದುವವನ ಮನಸ್ಸು ಮೆತ್ತಗಾಗುತ್ತದೆ. ಇಷ್ಟೆಲ್ಲ ಹೇಳಿಕೊಂಡವನು ಮುಖ್ಯವಾದದ್ದನ್ನು ಮುಚ್ಚಿಟ್ಟಾನೆಯೇ ಅನ್ನಿಸುತ್ತದೆ. ಇಡೀ ಪುಸ್ತಕದಲ್ಲಿ ಅತಿ ದುಬಾರಿ ಸಾಲುಗಳು ಈ ಅಗ್ಗದ ತಪ್ಪೊಪ್ಪಿಗೆಗಳೇ.

ಅದರಲ್ಲೂ ಒಂದನ್ನು ನೀವು ಓದಲೇಬೇಕು: ಮಾಹಿತಿ ಸ್ವಾತಂತ್ರ್ಯ ಕಾಯ್ದೆಯ ಬಗ್ಗೆ ಬರೆದದ್ದು. 2000ದಲ್ಲಿ ಬ್ಲೇರ್ ಸರ್ಕಾರವೇ ತಂದ ಕಾನೂನು, 2005ರ ಜನವರಿ 1ರಿಂದ ಪೂರ್ತಿ ಜಾರಿಗೆ ಬಂತು. ಅದನ್ನು ತಂದದ್ದಕ್ಕೆ ಆತ್ಮಕಥೆಯಲ್ಲಿ ತನ್ನನ್ನೇ ತಾನು ಮೂರ್ಖ, ಮುಗ್ಧ, ಬೇಜವಾಬ್ದಾರಿ ಪೆದ್ದ ಅಂತ ಬೈದುಕೊಳ್ಳುತ್ತಾರೆ. ಇರಾಕ್ ಬಗ್ಗೆ ಬರೆದ ಅಷ್ಟೂ ಪುಟಗಳಲ್ಲಿ ತನ್ನ ಮೇಲೆ ಈ ಮಟ್ಟದ ಬೈಗುಳ ಇಲ್ಲ! ಸರ್ಕಾರ ಒಳಗೊಳಗೆ ಮುಕ್ತವಾಗಿ ಮಾತಾಡಬೇಕಾದರೆ ಮಾತು ಹೊರಬೀಳಬಾರದು ಅನ್ನುವುದು ಅವರ ವಾದ, ಅದರಲ್ಲಿ ಅರ್ಥ ಇಲ್ಲದಿಲ್ಲ. ಆದರೆ ಪಕ್ಕದಲ್ಲಿ ಈ ಸಂಗತಿ ಇಟ್ಟುಕೊಳ್ಳಿ. ಯುದ್ಧದ ಹೊಸ್ತಿಲಲ್ಲಿ, 2003ರ ಮಾರ್ಚ್‌ನಲ್ಲಿ ನಡೆದ ಸಂಪುಟ ಸಭೆಗಳ ನಡಾವಳಿ ಕೊಡಿ ಅಂತ ಇದೇ ಕಾಯ್ದೆಯಡಿ ಅರ್ಜಿ ಹೋಯಿತು. ಕೊಡಬೇಕು ಅಂತ ನ್ಯಾಯಮಂಡಳಿ ಹೇಳಿತು. 2009ರ ಫೆಬ್ರವರಿಯಲ್ಲಿ ನ್ಯಾಯ ಸಚಿವರಾಗಿದ್ದ ಜ್ಯಾಕ್ ಸ್ಟ್ರಾ ವಿಟೊ ಹಾಕಿ ತಡೆದರು. ಆ ವಿಟೊ ಅಧಿಕಾರ ಬಳಕೆಯಾದದ್ದು ಅದೇ ಮೊದಲು. ಯುದ್ಧದ ಹೊತ್ತಿಗೆ ವಿದೇಶಾಂಗ ಸಚಿವರಾಗಿದ್ದವರೂ ಇದೇ ಸ್ಟ್ರಾ. ಮರುವರ್ಷ ಬ್ಲೇರ್ ಪುಸ್ತಕದಲ್ಲಿ ಕಾಯ್ದೆಗೆ ಶಾಪ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಗಾದೆ ನನಗೆ ನೆನಪಾಗಿದ್ದು ಅಲ್ಲಿ. ಪದಸೂಚಿಯಲ್ಲಿ 'ಇರಾಕ್' ಹುಡುಕಿದವನಿಗೆ ಈ ಭಾಗ ಕಾಣುವುದೇ ಇಲ್ಲ.

ನೆನಪಿನ ವಿಶ್ವಾಸಾರ್ಹತೆಯ ಬಗ್ಗೆ ಒಂದು ತಮಾಷೆಯ ಪ್ರಸಂಗವಿದೆ. 1997ರ ಮೇ 2ರಂದು ಮೊದಲ ಸಲ ಅರಮನೆಗೆ ಹೋದಾಗ ರಾಣಿ ಎಲಿಜಬೆತ್, ನೀವು ನನ್ನ ಹತ್ತನೆಯ ಪ್ರಧಾನಿ, ಮೊದಲನೆಯವರು ವಿನ್ಸ್ಟನ್ (ಚರ್ಚಿಲ್), ಆಗ ನೀವಿನ್ನೂ ಹುಟ್ಟಿರಲಿಲ್ಲ ಅಂದರಂತೆ. ಚೆಂದದ ಸಾಲು. ತೊಂದರೆ ಏನೆಂದರೆ 2006ರ 'ದಿ ಕ್ವೀನ್' ಸಿನಿಮಾದಲ್ಲಿ ರಾಣಿಯ ಪಾತ್ರ ಬ್ಲೇರ್ ಪಾತ್ರಕ್ಕೆ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ. ಚಿತ್ರಕಥೆ ಬರೆದ ಪೀಟರ್ ಮಾರ್ಗನ್, ಆ ಸಂಭಾಷಣೆ ನನ್ನ ಕಲ್ಪನೆ ಅಂತ ಹೇಳಿಬಿಟ್ಟರು. ಒಂದೋ ಮಾರ್ಗನ್ ಊಹೆ ಅಚ್ಚುಕಟ್ಟಾಗಿ ನಿಜಕ್ಕೆ ತಾಗಿದೆ, ಇಲ್ಲವೇ ಬ್ಲೇರ್ ನೆನಪಿನೊಳಗೆ ಸಿನಿಮಾ ಹೊಕ್ಕಿದೆ. ರಾಣಿ ಬಾಯಿಬಿಡಲಿಲ್ಲ. ಹದಿಮೂರು ವರ್ಷದ ಹಿಂದಿನ ಒಂದು ಭೇಟಿಯ ಸಂಭಾಷಣೆಯೇ ಹೀಗಾದರೆ, ಯುದ್ಧದ ಹಿಂದಿನ ತಿಂಗಳುಗಳ ಸಂಭಾಷಣೆಗಳನ್ನು ಎಷ್ಟು ನಂಬಬೇಕು ಅನ್ನುವುದು ನಿಮಗೆ ಬಿಟ್ಟದ್ದು.

ಹಾಗಾದರೆ ಓದುವುದೇ ದಂಡವಾ? ಇಲ್ಲ ಸ್ವಾಮಿ. ಪ್ರಶ್ನೆಯ ಇನ್ನೊಂದು ಅರ್ಧದ ಮೇಲೆ ನನ್ನ ಜಗಳ ಇರುವುದು ಇಲ್ಲೇ. "ಜನ ಒಪ್ಪದ ನಾಯಕ, ಅವನದನ್ನು ಯಾಕೆ ಓದಬೇಕು" ಅನ್ನುತ್ತೀರಿ. ನಾನು ತಿರುವಿ ಹೇಳುತ್ತೇನೆ: ಜನ ಮೆಚ್ಚಿದವರ ಆತ್ಮಕಥೆಗಳನ್ನೇ ಬಿಟ್ಟುಬಿಡಿ. ಹಾರ ಹಾಕಿಸಿಕೊಂಡು ಮನೆಗೆ ಹೋದವನಿಗೆ ವಿವರಣೆ ಕೊಡುವ ಅಗತ್ಯವೇ ಇರುವುದಿಲ್ಲ. ಪ್ರವಾಸ, ಔತಣ, ಕೈಕುಲುಕಿದ ಗಣ್ಯರು, ಇಷ್ಟೇ ತುಂಬಿರುತ್ತದೆ. ಬೈಸಿಕೊಂಡವನು ವಾದ ಮಾಡಲೇಬೇಕು. ವಾದ ಮಾಡಬೇಕಾದರೆ ತನ್ನ ಎದುರು ಯಾವ ಕಾಗದ ಇತ್ತು, ಯಾರು ಏನಂದರು, ಯಾವ ದಾರಿ ಮುಚ್ಚಿತ್ತು ಅಂತ ತೋರಿಸಬೇಕಾಗುತ್ತದೆ. ಆ ತೋರಿಸುವಿಕೆಯಲ್ಲೇ ಅಧಿಕಾರ ಒಳಗಿನಿಂದ ಹೇಗೆ ಕಾಣುತ್ತದೆ ಅನ್ನುವುದು ನಮಗೆ ಸಿಗುವುದು.

ಇನ್ನು ಬ್ಲೇರ್ 'ಜನ ಒಪ್ಪದ ನಾಯಕ' ಅನ್ನುವುದೂ ಅರ್ಧಸತ್ಯ. ಮೂರು ಚುನಾವಣೆ ಗೆದ್ದವರು ಅವರು. 1997ರಲ್ಲಿ ಬಹುಮತ 179 ಸ್ಥಾನಗಳದ್ದು, 2001ರಲ್ಲಿ 167ರದ್ದು. ಯುದ್ಧ ಆಗಿ ಎರಡು ವರ್ಷದ ಮೇಲೆ, 2005ರಲ್ಲೂ 66ರ ಬಹುಮತದಿಂದ ಗೆದ್ದರು. 2003ರ ಮಾರ್ಚ್ 18ರಂದು ಯುದ್ಧಕ್ಕೆ ಸಂಸತ್ತಿನ ಕೆಳಮನೆ 412–149 ಮತಗಳಿಂದ ಒಪ್ಪಿಗೆ ಕೊಟ್ಟಿತ್ತು. ಹಿಂದಿನ ದಿನ ರಾಜೀನಾಮೆ ಬಿಸಾಕಿ ಹೋದ ಸಂಪುಟ ಸಚಿವ ರಾಬಿನ್ ಕುಕ್ ಥರದವರು ಕೆಲವರೇ. ಆಮೇಲೆ ಎಲ್ಲರೂ ಸೇರಿ ಒಬ್ಬನ ತಲೆಗೆ ಕಟ್ಟಿ ಕೈತೊಳೆದುಕೊಂಡದ್ದೂ ನಿಜ. 2022ರ ಹೊಸವರ್ಷಕ್ಕೆ ಅವರಿಗೆ ರಾಣಿಯಿಂದ ಗಾರ್ಟರ್ ಅನ್ನುವ ಉನ್ನತ ನೈಟ್ ಪದವಿ ಬಂದಾಗ ಅದನ್ನು ಕಿತ್ತುಕೊಳ್ಳಿ ಅಂತ ಹತ್ತು ಲಕ್ಷಕ್ಕೂ ಮೀರಿ ಜನ ಆನ್‌ಲೈನ್ ಮನವಿಗೆ ಸಹಿ ಹಾಕಿದರು. ಆ ಹತ್ತು ಲಕ್ಷದಲ್ಲಿ 2005ರಲ್ಲಿ ಅವರ ಪಕ್ಷಕ್ಕೆ ವೋಟು ಹಾಕಿದವರು ಯಾರೂ ಇರಲಿಲ್ಲ ಅಂತ ನೀವು ನಂಬುತ್ತೀರಾ? ನನ್ನ ಮನೆಯ ಆ ಹುಡುಗನ ತಾಯಿಯೇ ಹಾಕಿದ್ದರಂತೆ, ಆಸ್ಪತ್ರೆಗಳು ಸುಧಾರಿಸಿದ್ದವು ಅನ್ನುವ ಕಾರಣಕ್ಕೆ. ಮೆರವಣಿಗೆಗೂ ಹೋಗಿ, ಮತವನ್ನೂ ಕೊಟ್ಟವರು. ಇಂಥವರನ್ನು ಅರ್ಥ ಮಾಡಿಕೊಳ್ಳಬೇಕಾದರೂ ಈ ಪುಸ್ತಕ ಓದಬೇಕು.

ಒಂದು ಷರತ್ತು ಮಾತ್ರ: ಇದೊಂದನ್ನೇ ಓದಬೇಡಿ. 2010–11ರಲ್ಲಿ ನನಗೆ ಚಿಲ್ಕಾಟ್ ವರದಿ ಇರಲಿಲ್ಲ. ನಿಮಗೆ ಆ ನೆಪ ಇಲ್ಲ. 2016ರ ಜುಲೈ 6ರಂದು ಬಂದ ಅದು 26 ಲಕ್ಷ ಪದಗಳಷ್ಟಿದೆ, ಎಲ್ಲವನ್ನೂ ಓದಿ ಅನ್ನುವಷ್ಟು ಕ್ರೂರಿ ನಾನಲ್ಲ. ಅದರ ಸಾರಾಂಶದ ಸಂಪುಟ ಸಾಕು. ಶಾಂತಿಯ ದಾರಿಗಳೆಲ್ಲ ಮುಗಿಯುವ ಮೊದಲೇ ಯುದ್ಧಕ್ಕಿಳಿದರು, ಸದ್ದಾಂ ಬಳಿಯ ಅಸ್ತ್ರಗಳ ಬಗ್ಗೆ ಸಮರ್ಥಿಸಿಕೊಳ್ಳಲಾಗದಷ್ಟು ಖಚಿತವಾಗಿ ಮಾತಾಡಿದರು, ಯುದ್ಧದ ನಂತರಕ್ಕೆ ಮಾಡಿಕೊಂಡ ಸಿದ್ಧತೆ ಏನೇನೂ ಸಾಲದಾಗಿತ್ತು ಅನ್ನುವುದು ಅದರ ತೀರ್ಮಾನ. ಅದರ ಜೊತೆಗೇ ಹೊರಬಿದ್ದದ್ದು 2002ರ ಜುಲೈ 28ರಂದು ಬ್ಲೇರ್ ಬುಷ್‌ಗೆ ಕಳಿಸಿದ ಟಿಪ್ಪಣಿ. ಅದರ ಮೊದಲ ಸಾಲಿನ ಅರ್ಥ, ಏನೇ ಆದರೂ ನಾನು ನಿನ್ನ ಜೊತೆಗಿರುತ್ತೇನೆ ಅಂತ. ಯುದ್ಧಕ್ಕೆ ಇನ್ನೂ ಎಂಟು ತಿಂಗಳಿರುವಾಗ! ಮುಂದಿನ ಸಾಲುಗಳಲ್ಲಿ ತೊಡಕುಗಳನ್ನು ಪಟ್ಟಿ ಮಾಡಿದ್ದಾರೆ, ಅದನ್ನು ಬ್ಲೇರ್ ಪರ ಇರುವವರು ನೆನಪಿಸುತ್ತಾರೆ, ನ್ಯಾಯವೇ. ಆದರೆ 2010ರಲ್ಲಿ ಆತ್ಮಕಥೆ ಓದುತ್ತಿದ್ದ ನಮ್ಮ ಕಣ್ಣಿಗೆ ಆ ಕಾಗದ ಬೀಳುವ ದಾರಿಯೇ ಇರಲಿಲ್ಲ. ವರದಿ ಬಂದ ದಿನ ಬ್ಲೇರ್ ಎರಡು ಗಂಟೆ ಪತ್ರಕರ್ತರ ಮುಂದೆ ನಿಂತು, ನೀವು ನಂಬಲಾರದಷ್ಟು ದುಃಖ, ವಿಷಾದ, ಕ್ಷಮೆ ನನ್ನಲ್ಲಿದೆ ಅಂದರು; ಅದೇ ಸ್ಥಿತಿ ಮತ್ತೆ ಬಂದರೆ ಅದೇ ನಿರ್ಧಾರ ಮಾಡುತ್ತೇನೆ ಅಂತಲೂ ಅಂದರು. ನೀವು ಹುಡುಕುತ್ತಿರುವ ಕ್ಷಮೆ ಇಷ್ಟೇ. 700 ಪುಟ ತಿರುವಿದರೂ ಇದಕ್ಕಿಂತ ಹೆಚ್ಚು ಸಿಗುವುದಿಲ್ಲ, ಅದಕ್ಕೋಸ್ಕರ ಓದುವುದಾದರೆ ಓದಲೇಬೇಡಿ.

ಓದುವ ಕ್ರಮ ಕೇಳಿದರೆ: ಮೊದಲು ಉತ್ತರ ಐರ್ಲೆಂಡ್ ಅಧ್ಯಾಯ. ಇಡೀ ಪುಸ್ತಕದಲ್ಲಿ ಅತ್ಯುತ್ತಮವಾದದ್ದೂ ಅದೇ, ಸಂಧಾನ ಅಂದರೆ ಏನು ಅನ್ನುವುದಕ್ಕೆ ನಾನು ಅಷ್ಟು ಚೆನ್ನಾಗಿ ಬರೆದದ್ದನ್ನು ಇನ್ನೊಂದು ಓದಿಲ್ಲ. ಬೆಲ್‌ಫಾಸ್ಟ್‌ಗೆ ಬಂದಿಳಿದು, ಇದು ಚಂದದ ಘೋಷವಾಕ್ಯಗಳನ್ನಾಡುವ ದಿನವಲ್ಲ ಅಂದವರು ಅದೇ ಉಸಿರಿನಲ್ಲಿ, ಚರಿತ್ರೆಯ ಕೈ ನಮ್ಮ ಹೆಗಲ ಮೇಲಿದೆ ಅಂತ ಘೋಷವಾಕ್ಯ ಬಿಟ್ಟದ್ದು ನಿಮಗೆ ಗೊತ್ತಿರಬಹುದು. ಗೊತ್ತಿಲ್ಲದಿದ್ದರೆ ಆ ಮನುಷ್ಯನನ್ನು ತಿಳಿಯಲು ಅದೊಂದೇ ಸಾಕು. ಆಮೇಲೆ ಮಾಹಿತಿ ಸ್ವಾತಂತ್ರ್ಯದ ಭಾಗ. ಆಮೇಲೆ ಬ್ರೌನ್ ಜಗಳ, ಅದು ಗಾಸಿಪ್ ರುಚಿಗೆ. ನಡುವೆ ಚಿಲ್ಕಾಟ್ ಸಾರಾಂಶ. ಇರಾಕ್ ಅಧ್ಯಾಯಗಳನ್ನು ಎಲ್ಲಕ್ಕಿಂತ ಕೊನೆಗಿಡಿ, ಅಷ್ಟರಲ್ಲಿ ಅವರ ವಾಕ್ಯ ಎಲ್ಲಿ ಬಿಗಿಯುತ್ತದೆ, ಎಲ್ಲಿ ಸಡಿಲಾಗುತ್ತದೆ ಅಂತ ನಿಮ್ಮ ಕಿವಿಗೆ ಗೊತ್ತಾಗಿರುತ್ತದೆ. ಪುಸ್ತಕದ ಕೊನೆಗಿರುವ, 2008ರ ಆರ್ಥಿಕ ಕುಸಿತದ ಮೇಲೆ ಪಕ್ಷಕ್ಕೆ ಬುದ್ಧಿ ಹೇಳುವ ಉಪಸಂಹಾರವನ್ನು ಬಿಟ್ಟರೂ ಏನೂ ನಷ್ಟವಿಲ್ಲ. ನಾನು ಎರಡನೇ ಓದಿನಲ್ಲೂ ಅದನ್ನು ಮುಗಿಸಿಲ್ಲ.